ಕೊನ್ಯೂರ್‌ಗೆ ಮ್ಯೂಟ್ ಬಟನ್ ಇಲ್ಲ



ನಮ್ಮ ನ್ಯೂಸ್ ರೂಮಿನಲ್ಲಿ ಯಾರಾದರೂ ‘ಪಂಜರದ ಗಿಳಿ’ ಅಂದರೆ ಎಲ್ಲರಿಗೂ ನೆನಪಾಗೋದು ಸಿಬಿಐ. 2013ರ ಮೇ ತಿಂಗಳಲ್ಲಿ, ಕಲ್ಲಿದ್ದಲು ಹಗರಣದ ವಿಚಾರಣೆ ವೇಳೆ ಸುಪ್ರೀಂ ಕೋರ್ಟ್ ಆ ಮಾತು ಹೇಳಿತು. ಅಲ್ಲಿಂದ ಇವತ್ತಿನವರೆಗೆ ಅದನ್ನು ನಾವು ಎಷ್ಟು ಸಲ ಹೆಡ್‌ಲೈನ್ ಮಾಡಿದ್ದೀವೋ ಲೆಕ್ಕವೇ ಇಲ್ಲ. ಇವತ್ತು ಆ ಗಿಳಿಗೆ ರಜೆ ಕೊಡೋಣ. ಇವತ್ತಿನದು ನಿಜವಾದ ಪಂಜರ, ನಿಜವಾದ ಗಿಳಿ. ಅದರ ಹೆಸರು ಕೊನ್ಯೂರ್.

ರಾಜಕೀಯ ಬಿಟ್ಟು ಇವನ್ಯಾಕೆ ಗಿಳಿ ಹಿಡ್ಕೊಂಡ ಅಂತ ಕೇಳಬಹುದು. ಕಾರಣ ನಿಮ್ಮ ಕೈಯಲ್ಲಿರೋ ಮೊಬೈಲ್. ಅರ್ಧ ನಿಮಿಷದ ರೀಲ್ಸ್. ಹಳದಿ-ಕಿತ್ತಳೆ ಬಣ್ಣದ ಪುಟ್ಟ ಗಿಳಿ ಒಡತಿಯ ಅಂಗಿಯೊಳಗೆ ತೂರಿಕೊಳ್ಳುತ್ತೆ, ಅಂಗೈ ಮೇಲೆ ಬೆನ್ನು ಹಾಕಿ ಮಲಗುತ್ತೆ, ಹಾಡಿಗೆ ತಲೆ ಕುಣಿಸುತ್ತೆ. ಮಗು ನೋಡುತ್ತೆ, ಬರ್ತ್‌ಡೇಗೆ ಅದೇ ಬೇಕು ಅನ್ನುತ್ತೆ. ಅಪ್ಪ ಶನಿವಾರ ಪೆಟ್ ಶಾಪ್‌ಗೆ ಹೋಗ್ತಾರೆ. ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಒಂದು ಪಂಜರ ನೇತಾಡುತ್ತಿರುತ್ತೆ. ಇಷ್ಟು ಸಲೀಸಾಗಿ ನಡೆಯೋ ಈ ವ್ಯವಹಾರದಲ್ಲಿ ಯಾರೂ ಕೇಳದ ಕೆಲವು ಪ್ರಶ್ನೆಗಳಿವೆ. ಅವನ್ನು ಕೇಳೋದೇ ನಮ್ಮ ಕೆಲಸ ತಾನೇ?

ಮೊದಲು ಪರಿಚಯ. ಕೊನ್ಯೂರ್ ಅಂದರೆ ಒಂದೇ ಗಿಳಿ ಅಲ್ಲ, ಅಮೆರಿಕ ಖಂಡಗಳ ಸಣ್ಣ, ಮಧ್ಯಮ ಗಾತ್ರದ ಉದ್ದ ಬಾಲದ ಗಿಳಿಗಳ ಒಂದು ದೊಡ್ಡ ಕುಟುಂಬದ ಅಡ್ಡಹೆಸರು. ಗ್ರೀಕ್ ಭಾಷೆಯ ಶಂಕು ಮತ್ತು ಬಾಲ ಎನ್ನುವ ಎರಡು ಪದ ಸೇರಿ ಬಂದ ಹೆಸರದು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣೋದು ಎರಡು. ಒಂದು ಸನ್ ಕೊನ್ಯೂರ್. ಹೆಸರೇ ಹೇಳುವಂತೆ ಸೂರ್ಯನ ಬಣ್ಣದ್ದು, ಮೂಗಿನಿಂದ ಬಾಲದವರೆಗೆ ಸುಮಾರು ಒಂದಡಿ, ತೂಕ ನೂರು ಗ್ರಾಂನ ಆಸುಪಾಸು. ಇನ್ನೊಂದು ಗ್ರೀನ್ ಚೀಕ್ ಕೊನ್ಯೂರ್. ಹಸಿರು ಕೆನ್ನೆ, ಕಡುಗೆಂಪು ಬಾಲ, ಅದಕ್ಕಿಂತ ಚಿಕ್ಕದು, ಹಗುರ. ಸನ್ ಕೊನ್ಯೂರ್‌ನ ತವರು ಗಯಾನಾ ಮತ್ತು ಉತ್ತರ ಬ್ರೆಜಿಲ್. ಗ್ರೀನ್ ಚೀಕ್‌ನದು ಬೊಲಿವಿಯಾ, ಬ್ರೆಜಿಲ್, ಅರ್ಜೆಂಟೀನಾ ಕಡೆಯ ಕಾಡು.

‘ಅಷ್ಟು ದೂರದ ಗಿಳಿ ಯಾಕೆ, ನಮ್ಮೂರಿನ ಹಸಿರು ಗಿಳಿಯನ್ನೇ ಸಾಕೋಣ’ ಅನ್ನೋರಿದ್ದಾರೆ. ಅಜ್ಜನ ಮನೆಯಲ್ಲಿತ್ತು, ಗಿಣಿಶಾಸ್ತ್ರದವನ ಹತ್ತಿರ ಇದೆ, ಹಳ್ಳಿ ಸಂತೆಯಲ್ಲಿ ಸಿಗುತ್ತೆ ಅಂತ ವಾದ. ಸ್ವಾಮಿ, ಅದು ಅಪರಾಧ. ಕೆಂಪು ಕೊಕ್ಕು, ಕೊರಳಲ್ಲಿ ಪಟ್ಟಿ ಇರೋ ನಮ್ಮ ಗಿಳಿ, ಅದರ ದೊಡ್ಡಣ್ಣನಂಥ ಅಲೆಕ್ಸಾಂಡ್ರೈನ್ ಗಿಳಿ, ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯೋದು, ಮಾರೋದು, ಪಂಜರದಲ್ಲಿ ಇಟ್ಟುಕೊಳ್ಳೋದು ಯಾವುದಕ್ಕೂ ಅವಕಾಶವಿಲ್ಲ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಪ್ರಕರಣ ಬಂದಾಗ ಎಷ್ಟು ಜನ ರಾತ್ರೋರಾತ್ರಿ ಕೊರಳು ಮುಟ್ಟಿ ನೋಡಿಕೊಂಡರು ಅನ್ನೋದನ್ನು ನಾವೆಲ್ಲ ನೋಡಿದ್ದೀವಿ. ಆ ಉಗುರಿಗೆ ಅನ್ವಯ ಆದ ಕಾಯ್ದೆಯೇ ಈ ಗಿಳಿಗೂ ಅನ್ವಯ.

ಕಾಯ್ದೆ ಪಕ್ಕಕ್ಕಿಡಿ. ಆ ಮರಿ ಸಂತೆಗೆ ಬರೋದು ಹೇಗೆ ಗೊತ್ತಾ? ಮರದ ಪೊಟರೆಗೆ ಕೈ ಹಾಕಿ, ಕಣ್ಣು ಬಿಡುವ ಮುನ್ನವೇ ಎತ್ತಿಕೊಂಡು ಬಂದು. ಬಾಣಭಟ್ಟನ ಕಾದಂಬರಿಯಲ್ಲಿ ಇದೇ ದೃಶ್ಯವಿದೆ. ಬೇಡ ಬೂರುಗದ ಮರ ಹತ್ತುತ್ತಾನೆ, ಗೂಡುಗಳಿಗೆ ಕೈ ಹಾಕಿ ಗಿಳಿಗಳ ಕತ್ತು ಮುರಿದು ಎಸೀತಾನೆ, ತಂದೆ ಗಿಳಿ ಮರಿಯನ್ನು ರೆಕ್ಕೆಯಡಿ ಬಚ್ಚಿಟ್ಟುಕೊಂಡೇ ಸಾಯುತ್ತೆ. ತರಗೆಲೆಯ ಮೇಲೆ ಬಿದ್ದು ಬದುಕಿದ ಆ ಮರಿಯೇ ಕಥೆ ಹೇಳೋ ವೈಶಂಪಾಯನ. ನಾಗವರ್ಮ ಇದನ್ನು ಕನ್ನಡಕ್ಕೆ ತಂದು ಸುಮಾರು ಸಾವಿರ ವರ್ಷ ಆಯಿತು. ಕಥೆಯ ಬೇಡನಿಗೆ ಹೊಟ್ಟೆಪಾಡಾದರೂ ಇತ್ತು. ನಮಗೆ ಬೇಕಿರೋದು ಬಾಲ್ಕನಿಗೊಂದು ಅಲಂಕಾರ.

ಸರಿ, ಹಾಗಾದರೆ ಕೊನ್ಯೂರ್ ಸಾಕಬಹುದಾ? ಸಾಕಬಹುದು, ಕಾಗದಪತ್ರ ಸರಿಯಿದ್ದರೆ. ಇಲ್ಲೇ ಬಹಳ ಜನ ಎಡವೋದು. ‘ಫಾರಿನ್ ಗಿಳಿ, ನಮ್ಮ ಕಾನೂನು ಇದಕ್ಕೆ ಬರಲ್ಲ ಸಾರ್’ ಅಂತ ಅಂಗಡಿಯವನು ಹೇಳ್ತಾನೆ. ಅದು ಹಳೇ ಕಥೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಈ ಎರಡೂ ಕೊನ್ಯೂರ್‌ಗಳಿವೆ. ನಮ್ಮ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯಲ್ಲಿರೋ ಜೀವಿ ನಿಮ್ಮ ಮನೆಯಲ್ಲಿದ್ದರೆ ಸರ್ಕಾರಕ್ಕೆ ತಿಳಿಸಬೇಕು ಅನ್ನೋದು ಅಲ್ಲಿಂದ ಕಡ್ಡಾಯ. 2024ರ ಫೆಬ್ರವರಿ 28ರಂದು ನಿಯಮಗಳೂ ಬಂದವು. ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹಕ್ಕಿ ಮರಿ ಹಾಕಿದರೂ ಹೇಳಬೇಕು, ಸತ್ತರೂ ಹೇಳಬೇಕು, ಬೇರೆಯವರಿಗೆ ಕೊಟ್ಟರೂ ಹೇಳಬೇಕು. ಆಗಲೇ ಸಾಕುತ್ತಿದ್ದವರಿಗೆ ಕೊಟ್ಟಿದ್ದ ಆರು ತಿಂಗಳ ಗಡುವು 2024ರ ಆಗಸ್ಟ್‌ನಲ್ಲೇ ಮುಗಿದಿದೆ.

ಆದ್ದರಿಂದ ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆ ಎಷ್ಟು ಅನ್ನೋದಲ್ಲ. ನಿಮ್ಮ ಹತ್ತಿರ ಈ ಹಕ್ಕಿಯ ನೋಂದಣಿ ಇದೆಯಾ, ನನ್ನ ಹೆಸರಿಗೆ ವರ್ಗಾವಣೆ ಮಾಡಿಕೊಡ್ತೀರಾ, ಬಿಲ್ ಕೊಡ್ತೀರಾ? ಈ ಮೂರಕ್ಕೆ ತಲೆ ಕೆರೆದುಕೊಂಡರೆ ನೀವು ಅಲ್ಲಿಂದ ಹೊರಡಿ. ಸೆಕೆಂಡ್ ಹ್ಯಾಂಡ್ ಬೈಕಿಗೆ ಆರ್‌ಸಿ ಕೇಳದೆ ದುಡ್ಡು ಕೊಡ್ತೀವಾ? ಉಸಿರಾಡೋ ಜೀವಕ್ಕೆ ಯಾಕೆ ಕೇಳಲ್ಲ?

ಈಗ ಗುಣಲಕ್ಷಣಕ್ಕೆ ಬರೋಣ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಏನೇ ಕೊಳ್ಳುವ ಮಾತು ಬಂದರೂ ಸ್ಪೆಸಿಫಿಕೇಶನ್ ನೋಡೋ ಚಾಳಿ ಇನ್ನೂ ಹೋಗಿಲ್ಲ. ಕೊನ್ಯೂರ್‌ನ ಸ್ಪೆಸಿಫಿಕೇಶನ್‌ನಲ್ಲಿ ಮೊದಲ ಸಾಲು ಶಬ್ದ. ನಾವು ಆ್ಯಂಕರ್‌ಗಳು ಕಿರುಚುತ್ತೀವಿ ಅಂತ ನೀವು ಬೈತೀರಿ, ನ್ಯಾಯವಾಗಿಯೇ ಬೈತೀರಿ. ಆದರೆ ಸನ್ ಕೊನ್ಯೂರ್ ಮುಂದೆ ನಾವು ಏನೂ ಅಲ್ಲ. ಇಬ್ಬರು ಮಾಮೂಲಿಯಾಗಿ ಮಾತಾಡೋ ಸದ್ದು ಸುಮಾರು 60 ಡೆಸಿಬೆಲ್. ಸನ್ ಕೊನ್ಯೂರ್ ಪಕ್ಕದಲ್ಲಿ ನಿಂತು ಕಿರುಚಿದರೆ ಅದು 100 ದಾಟುತ್ತೆ. ಅರವತ್ತಕ್ಕೂ ನೂರಕ್ಕೂ ನಲವತ್ತೇ ವ್ಯತ್ಯಾಸ ಅಂದುಕೊಳ್ಳಬೇಡಿ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತೆ. ನಲವತ್ತು ಏರಿದರೆ ಹತ್ತು ಸಾವಿರ ಪಟ್ಟು. ನಿಮ್ಮ ಫ್ಲಾಟ್‌ನ ಗೋಡೆಯಾಚೆ ಪಿಯುಸಿ ಓದೋ ಹುಡುಗಿ ಇರಬಹುದು, ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ ನರ್ಸ್ ಇರಬಹುದು. ನನ್ನ ಸದ್ದು ಹೆಚ್ಚಾದರೆ ನಿಮ್ಮ ಕೈಯಲ್ಲಿ ರಿಮೋಟ್ ಇದೆ. ಕೊನ್ಯೂರ್‌ಗೆ ಮ್ಯೂಟ್ ಬಟನ್ ಇಲ್ಲ.

ಗ್ರೀನ್ ಚೀಕ್ ಈ ವಿಷಯದಲ್ಲಿ ಎಷ್ಟೋ ವಾಸಿ. ಅದೂ ಕಿರುಚುತ್ತೆ, ಆದರೆ ಆ ಮಟ್ಟಕ್ಕೆ ಹೋಗಲ್ಲ. ಅದಕ್ಕೇ ಫ್ಲಾಟ್‌ನಲ್ಲಿರೋರು ಕೊನ್ಯೂರ್ ತರಲೇಬೇಕು ಅಂತಿದ್ದರೆ ಬಣ್ಣಕ್ಕೆ ಮರುಳಾಗದೆ ಗ್ರೀನ್ ಚೀಕ್ ಕಡೆ ನೋಡೋದು ಒಳ್ಳೇದು. ಎರಡೂ ಮಾತಿನಲ್ಲಿ ಹಿಂದೆ. ಕೆಲವು ಶಬ್ದ ಕಲಿತರೆ ಅದೇ ದೊಡ್ಡದು. ಗಿಳಿಪಾಠ ಒಪ್ಪಿಸೋ ಗಿಳಿ ಬೇಕು ಅಂತಿದ್ದರೆ ಇದು ಆ ಗಿಳಿ ಅಲ್ಲ. ಕಚ್ಚುತ್ತಾ? ಕಚ್ಚುತ್ತೆ. ಮರಿಯಾಗಿದ್ದಾಗ ಬೆಣ್ಣೆಯಂತಿದ್ದ ಹಕ್ಕಿ ವರ್ಷ ತುಂಬಿ ಹರೆಯಕ್ಕೆ ಬರುತ್ತಿದ್ದಂತೆ ಬೆರಳು ಹಿಡಿದು ರಕ್ತ ಬರಿಸಬಹುದು. ರೀಲ್ಸ್‌ನಲ್ಲಿ ಆ ಭಾಗ ಕತ್ತರಿಸಿರ್ತಾರೆ.

ಎರಡನೇ ಸಾಲು ಆಯಸ್ಸು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ, ಇಪ್ಪತ್ತೈದು ವರ್ಷ, ಕೆಲವು ಮೂವತ್ತರ ಹತ್ತಿರಕ್ಕೂ ಹೋಗುತ್ತವೆ. ಎಂಟು ವರ್ಷದ ಮಗಳಿಗೆ ಉಡುಗೊರೆ ಕೊಟ್ಟಿರಿ ಅಂದುಕೊಳ್ಳಿ. ಅವಳು ಹತ್ತನೇ ಕ್ಲಾಸ್ ಮುಗಿಸ್ತಾಳೆ, ಹಾಸ್ಟೆಲ್‌ಗೆ ಹೋಗ್ತಾಳೆ, ಕೆಲಸ ಅಂತ ಇನ್ನೊಂದು ಊರು ಸೇರ್ತಾಳೆ, ಮದುವೆ ಆಗ್ತಾಳೆ. ಗಿಳಿ ಇನ್ನೂ ನಿಮ್ಮ ಬಾಲ್ಕನಿಯಲ್ಲೇ ಇರುತ್ತೆ. ಹೋಮ್ ಲೋನ್ ಇಪ್ಪತ್ತು ವರ್ಷಕ್ಕೆ ತೀರುತ್ತೆ, ಇದು ಅದಕ್ಕಿಂತ ಉದ್ದ. ಹಾಗಾಗಿ ಈ ಉಡುಗೊರೆ ಮಗುವಿನ ಹೆಸರಲ್ಲಿ ಬಂದರೂ ನೋಡಿಕೊಳ್ಳೋದು ನಿಮ್ಮ ಪಾಲಿಗೆ ಅಂತ ತಿಳಿದೇ ತರಬೇಕು.

ಮೂರನೇ ಸಾಲು ನಿಮ್ಮ ಮನೆ. ಅಡುಗೆಮನೆಯಿಂದಲೇ ಶುರು ಮಾಡೋಣ. ಬೆಳಗ್ಗೆ ದೋಸೆ. ನಾನ್‌ಸ್ಟಿಕ್ ತವಾ ಒಲೆ ಮೇಲಿದೆ, ಅಷ್ಟರಲ್ಲಿ ಫೋನ್ ಬಂತು, ಖಾಲಿ ತವಾ ಕಾದು ಕಾದು ಹೋಯಿತು. ನಿಮಗೆ ಸ್ವಲ್ಪ ವಾಸನೆ, ಅಷ್ಟೇ. ಆ ಲೇಪನದಿಂದ ಏಳೋ ಹೊಗೆ ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಹಕ್ಕಿಯ ಶ್ವಾಸಾಂಗ ನಮ್ಮದರಂತೆ ಒಳಗೆ-ಹೊರಗೆ ಆಡೋ ತಿದಿಯಲ್ಲ. ಗಾಳಿಚೀಲಗಳ ಸಹಾಯದಿಂದ ಗಾಳಿ ಒಂದೇ ದಿಕ್ಕಿನಲ್ಲಿ ಶ್ವಾಸಕೋಶದ ಮೂಲಕ ಹರಿಯುತ್ತಲೇ ಇರುತ್ತೆ. ಹಾರೋದಕ್ಕೆ ಬೇಕಾದ ಆಮ್ಲಜನಕ ಸಿಗೋದು ಹೀಗೆ. ವಿಷ ಬೇಗ ಒಳಸೇರೋದೂ ಹೀಗೇ. ಹಿಂದೆ ಕಲ್ಲಿದ್ದಲು ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ಆದ್ದರಿಂದ ಕೊನ್ಯೂರ್ ಇರೋ ಮನೆಯಲ್ಲಿ ಕಬ್ಬಿಣದ ಕಾವಲಿಯೇ ಸರಿ. ಊದುಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ರೂಮ್ ಸ್ಪ್ರೇ, ಸಿಗರೇಟು ಎಲ್ಲವೂ ಅದರ ಕೋಣೆಯಿಂದ ದೂರ. ಪೂಜೆ ನಿಲ್ಲಿಸಿ ಅಂತ ಹೇಳ್ತಿಲ್ಲ, ಪಂಜರದ ಜಾಗ ಬದಲಿಸಿ.

ಮೇಲೆ ನೋಡಿ, ಸೀಲಿಂಗ್ ಫ್ಯಾನ್. ಹಕ್ಕಿ ಹೊರಗೆ ಬರುವ ಮುನ್ನ ಸ್ವಿಚ್ ಆಫ್ ಆಗಬೇಕು, ಕಿಟಕಿ-ಬಾಗಿಲು ಮುಚ್ಚಬೇಕು. ಮನೆಯಲ್ಲಿ ಎಲ್ಲರಿಗೂ ಇದು ರೂಢಿ ಆಗಬೇಕು. ಬಂದ ನೆಂಟರಿಗೂ ಹೇಳಬೇಕು. ರಾತ್ರಿ ನಿದ್ದೆ ಇನ್ನೊಂದು ವಿಷಯ. ಸಮಭಾಜಕದ ಹತ್ತಿರದ ಕಾಡಿನಲ್ಲಿ ವರ್ಷವಿಡೀ ಸುಮಾರು ಹನ್ನೆರಡು ಗಂಟೆ ರಾತ್ರಿ. ಅಲ್ಲಿಯ ಹಕ್ಕಿಗೆ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು. ನೀವು ಹಾಲ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ನಮ್ಮ ಚರ್ಚೆ ನೋಡ್ತಾ ಕೂತರೆ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ನಮ್ಮ ಟಿಆರ್‌ಪಿಗೆ ಒಳ್ಳೇದು, ಗಿಳಿಗೆ ಅಲ್ಲ.

ಊಟ. ಅಂಗಡಿಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ ಕೊಟ್ಟು ‘ಇಷ್ಟೇ ಸಾಕು’ ಅಂತಾರೆ. ಅದರಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಮತ್ತು ಸುಣ್ಣದ ಅಂಶ ಕಡಿಮೆ. ದಿನಾ ಅದನ್ನೇ ತಿಂದ ಗಿಳಿಯ ಲಿವರ್ ಕೆಡುತ್ತೆ. ಗಿಳಿಗಳಿಗೆಂದೇ ಮಾಡಿದ ಪೆಲೆಟ್ ಜತೆಗೆ ಮೊಳಕೆ ಕಾಳು, ಕ್ಯಾರೆಟ್, ನುಗ್ಗೆ ಸೊಪ್ಪು, ಎಳೇ ಜೋಳ, ಸ್ವಲ್ಪ ಸೀಬೆ, ದಾಳಿಂಬೆ ಕೊಡಿ. ಹಸಿಮೆಣಸಿನಕಾಯಿ ಧಾರಾಳವಾಗಿ ಕೊಡಬಹುದು, ಹಕ್ಕಿಗಳಿಗೆ ಖಾರ ಹತ್ತೋದೇ ಇಲ್ಲ. ಕೊಡಬಾರದ್ದು: ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಉಪ್ಪು ಹಾಕಿದ ಚಿಪ್ಸ್-ಚಕ್ಕುಲಿ. ಬೆಣ್ಣೆಹಣ್ಣು ನಮಗೆ ಜ್ಯೂಸು, ಅದಕ್ಕೆ ವಿಷ.

ಇಷ್ಟೆಲ್ಲ ಹೊಂದಿಸಿಕೊಳ್ಳೋ ಜನ ಇದ್ದಾರೆ. ದುಡ್ಡಿದ್ದರೆ, ಶ್ರದ್ಧೆಯಿದ್ದರೆ ಇದು ಕಷ್ಟವಲ್ಲ. ಕಷ್ಟ ಇರೋದು ನಾಲ್ಕನೇ ಸಾಲಿನಲ್ಲಿ. ಕೊನ್ಯೂರ್ ಗುಂಪಿನ ಹಕ್ಕಿ. ಅದು ಅಂಗಿಯೊಳಗೆ ತೂರಿಕೊಳ್ಳೋದು, ಕತ್ತಿಗೆ ಒತ್ತಿಕೊಂಡು ಕೂರೋದು, ನೀವು ಬಾತ್‌ರೂಮಿಗೆ ಹೋದರೂ ಕೂಗಿ ಕರೆಯೋದು, ಇದೆಲ್ಲ ಗುಂಪಿನ ಭಾಷೆ. ‘ಎಲ್ಲಿದ್ದೀಯಾ?’ ಅಂತ ಅದು ಕೇಳುತ್ತೆ. ಕಾಡಿನಲ್ಲಿ ಈ ಕೂಗಿಗೆ ಹತ್ತು ಕಡೆಯಿಂದ ಉತ್ತರ ಬರುತ್ತೆ. ಫ್ಲಾಟ್‌ನಲ್ಲಿ ನೀವು ಬೆಳಗ್ಗೆ ಎಂಟಕ್ಕೆ ಹೊರಟು ಟ್ರಾಫಿಕ್ ದಾಟಿ ರಾತ್ರಿ ಎಂಟಕ್ಕೆ ಬಂದರೆ, ಹನ್ನೆರಡು ಗಂಟೆ ಉತ್ತರವೇ ಇಲ್ಲ. ಆಗ ಅದು ಕಿರುಚುತ್ತೆ. ಕಿರುಚಿ ಸೋತ ಕೆಲವು ಹಕ್ಕಿಗಳು ತಮ್ಮ ಪುಕ್ಕವನ್ನು ತಾವೇ ಕಿತ್ತುಕೊಳ್ಳುತ್ತವೆ, ಎದೆ ಬೋಳಾಗುವವರೆಗೆ. ಎಲ್ಲ ಪುಕ್ಕ ಕೀಳುವಿಕೆಗೂ ಒಂಟಿತನವೇ ಕಾರಣ ಅಂತಲ್ಲ, ಕಾಯಿಲೆಯೂ ಇರಬಹುದು. ಆದರೆ ಬುದ್ಧಿವಂತ ಹಕ್ಕಿಗೆ ಖಾಲಿ ದಿನ ಅನ್ನೋದು ಒಂದು ದೊಡ್ಡ ಶಿಕ್ಷೆ.

ಈ ಗುಂಪಿನ ಪ್ರೀತಿ ಎಂಥದ್ದು ಅನ್ನೋದಕ್ಕೆ ಅಮೆರಿಕದ ಒಂದು ಕಥೆ ಕೇಳಿ. ಸನ್ ಕೊನ್ಯೂರ್‌ನ ಹತ್ತಿರದ ಸಂಬಂಧಿ ಕೆರೊಲಿನಾ ಗಿಳಿ. ಹಸಿರು ಮೈ, ಹಳದಿ ತಲೆ. ಪೂರ್ವ ಅಮೆರಿಕದ ಕಾಡು-ತೋಟಗಳಲ್ಲಿ ದೊಡ್ಡ ದೊಡ್ಡ ಹಿಂಡುಗಳಿದ್ದವು. ಕಾಡು ಕಡಿದರು, ಟೋಪಿಗೆ ಪುಕ್ಕ ಬೇಕು ಅಂತ ಕೊಂದರು, ಪಂಜರಕ್ಕೆ ಹಿಡಿದರು, ಹಣ್ಣಿನ ತೋಟಕ್ಕೆ ಬರುತ್ತೆ ಅಂತ ರೈತರು ಗುಂಡು ಹೊಡೆದರು. ಒಂದು ಹಕ್ಕಿ ಬಿದ್ದರೆ ಉಳಿದವು ಓಡಿಹೋಗುತ್ತಿರಲಿಲ್ಲ. ಬಿದ್ದ ಸಂಗಾತಿಯ ಮೇಲೆ ಸುತ್ತುತ್ತಾ ಕೂಗುತ್ತಾ ಮತ್ತೆ ಮತ್ತೆ ಬರುತ್ತಿದ್ದವು. ಬಂದೂಕಿನವನಿಗೆ ನಿಂತಲ್ಲೇ ಇಡೀ ಹಿಂಡು ಸಿಗುತ್ತಿತ್ತು. 1918ರ ಫೆಬ್ರವರಿ 21ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಇಂಕಾಸ್ ಅನ್ನೋ ಗಂಡು ಗಿಳಿ ಸತ್ತಿತು. ಮೃಗಾಲಯಗಳಲ್ಲಿ ಉಳಿದಿದ್ದ ಕೊನೆಯ ಕೆರೊಲಿನಾ ಗಿಳಿ ಅದು. ಇವತ್ತು ಆ ಜಾತಿಯೇ ಭೂಮಿ ಮೇಲಿಲ್ಲ. ಸನ್ ಕೊನ್ಯೂರ್ ಕೂಡ ಅದೇ ದಾರಿಯಲ್ಲಿ ಅರ್ಧ ಹೋಗಿದೆ. ಪಂಜರದ ವ್ಯಾಪಾರಕ್ಕೆ ಅಂತ ಬಲೆ ಬೀಸಿ ಬೀಸಿ, ಇವತ್ತು ಕಾಡಿನಲ್ಲಿ ಉಳಿದಿರೋದು ಕೆಲವೇ ಸಾವಿರ. ಅಳಿವಿನ ಅಪಾಯದಲ್ಲಿರೋ ಪಟ್ಟಿಯಲ್ಲಿದೆ. ಲೋಕದ ತುಂಬ ಪೆಟ್ ಶಾಪ್‌ಗಳಲ್ಲಿ ಸಿಗೋ ಹಕ್ಕಿ ತನ್ನ ಸ್ವಂತ ಕಾಡಿನಲ್ಲಿ ಅಪರೂಪ.

ಒಂದು ಕೊನ್ಯೂರ್ ಮನೆಗೆ ತಂದಿರಿ ಅಂದರೆ ಅದರ ಹಿಂಡಿನ ಜಾಗಕ್ಕೆ ನೀವು ನಿಂತಿರಿ ಅಂತ ಅರ್ಥ. ಇಪ್ಪತ್ತೈದು ವರ್ಷ, ದಿನಾ, ಹಬ್ಬಕ್ಕೆ ಊರಿಗೆ ಹೋಗೋ ದಿನವೂ, ದೀಪಾವಳಿ ಪಟಾಕಿಗೆ ಅದು ನಡುಗೋ ರಾತ್ರಿಯೂ.

ಇಷ್ಟು ಕೇಳಿದ ಮೇಲೂ ‘ನಾವು ಸಿದ್ಧ’ ಅನ್ನೋರಿಗೆ ಕೆಲವು ಕಿವಿಮಾತು. ಗುಟುಕು ತಿನ್ನೋ ಮರಿ ಬೇಡವೇ ಬೇಡ. ‘ಕೈಯಾರೆ ತಿನ್ನಿಸಿದರೆ ನಿಮಗೇ ಅಂಟಿಕೊಳ್ಳುತ್ತೆ’ ಅಂತ ಸಿರಿಂಜು ಕೊಟ್ಟು ಕಳಿಸ್ತಾರೆ. ಬಿಸಿ ಹೆಚ್ಚಾದರೆ ಗಂಟಲ ಚೀಲ ಸುಡುತ್ತೆ, ಆಹಾರ ಶ್ವಾಸನಾಳಕ್ಕೆ ಹೋದರೆ ಮರಿ ನಿಮ್ಮ ಕೈಯಲ್ಲೇ ಸಾಯುತ್ತೆ. ತಾನೇ ಕೊಕ್ಕಿನಿಂದ ತಿನ್ನಲು ಕಲಿತ ಹಕ್ಕಿಯನ್ನೇ ತನ್ನಿ. ಕಾಲಿನಲ್ಲಿ ಜೋಡಣೆಯಿಲ್ಲದ ಮುಚ್ಚಿದ ಉಂಗುರ ಇದೆಯಾ ನೋಡಿ; ಮರಿಯ ಕಾಲು ಸಣ್ಣದಿದ್ದಾಗ ಮಾತ್ರ ಅದನ್ನು ಹಾಕೋಕೆ ಸಾಧ್ಯ, ಹಾಗಾಗಿ ಮನುಷ್ಯರ ಕೈಯಲ್ಲಿ ಹುಟ್ಟಿದ್ದು ಅನ್ನೋದಕ್ಕೆ ಅದೊಂದು ಸುಳಿವು. ಸನ್ ಕೊನ್ಯೂರ್ ಮರಿ ಅಂತ ಪೂರ್ತಿ ಹಳದಿ-ಕಿತ್ತಳೆ ಹಕ್ಕಿ ತೋರಿಸಿದರೆ ನಂಬಬೇಡಿ, ಮರಿಯ ಮೈಮೇಲೆ ಹಸಿರೇ ಹೆಚ್ಚು. ಆ ಬಣ್ಣ ಬರೋಕೆ ವರ್ಷ ಬೇಕು. ಗಂಡು-ಹೆಣ್ಣು ಕಣ್ಣಿಗೆ ಒಂದೇ ಥರ, ಗೊತ್ತಾಗೋದು ಡಿಎನ್‌ಎ ಪರೀಕ್ಷೆಯಲ್ಲಿ. ಪಂಜರ ಕಡಿಮೆ ಅಂದರೂ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಇರಲಿ. ಸತುವಿನ ಲೇಪ ಇರೋ ಅಗ್ಗದ ಜಾಲರಿ ಬೇಡ, ಅದನ್ನು ಕಚ್ಚಿ ಕಚ್ಚಿ ವಿಷ ಏರುತ್ತೆ. ಹಕ್ಕಿ ತರುವ ಮುನ್ನವೇ ಹಕ್ಕಿಗಳಿಗೆ ಚಿಕಿತ್ಸೆ ಕೊಡೋ ವೈದ್ಯರು ನಿಮ್ಮ ಊರಲ್ಲಿ ಯಾರಿದ್ದಾರೆ ಅಂತ ಹುಡುಕಿಟ್ಟುಕೊಳ್ಳಿ. ಸಾಮಾನ್ಯವಾಗಿ ನಾಯಿ-ಬೆಕ್ಕು ನೋಡೋ ಕ್ಲಿನಿಕ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಗಿಳಿಯಿಂದ ಮನುಷ್ಯರಿಗೆ ಹರಡೋ ಸಿಟ್ಟಕೋಸಿಸ್ ಅನ್ನೋ ಶ್ವಾಸಕೋಶದ ಸೋಂಕೂ ಇದೆ. ಹೊಸ ಹಕ್ಕಿಯನ್ನು ಮೊದಲು ತೋರಿಸಿಯೇ ಮನೆಮಂದಿ ಮುಟ್ಟಲಿ.

ಇನ್ನೊಂದು ದಾರಿಯೂ ಇದೆ. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದಾಗ ಹಕ್ಕಿ ತಂದವರು ಆಫೀಸ್ ಶುರುವಾದ ಮೇಲೆ ಕೈಚೆಲ್ಲಿದ್ದಾರೆ. ಹಾಗೆ ಮನೆ ಕಳಕೊಂಡ ದೊಡ್ಡ ಹಕ್ಕಿಯನ್ನು ಕಾಗದಪತ್ರ ಸಮೇತ ತಗೊಳ್ಳಿ. ಅದರ ಗಂಟಲು ಎಷ್ಟು, ಸ್ವಭಾವ ಎಂಥದ್ದು ಅಂತ ಮೊದಲೇ ಗೊತ್ತಿರುತ್ತೆ. ಸಾಕೋಕೆ ಆಗದಿದ್ದರೆ ಮಾತ್ರ ದಯವಿಟ್ಟು ಲಾಲ್‌ಬಾಗ್‌ಗೆ ತಂದು ಹಾರಿಬಿಡಬೇಡಿ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಹದ್ದು ಏನು, ಆಹಾರ ಎಲ್ಲಿ ಅನ್ನೋದೇ ಗೊತ್ತಿರಲ್ಲ. ಅದನ್ನು ಬಿಡುಗಡೆ ಅಂತ ಕರೆಯೋಕಾಗಲ್ಲ.

ನನ್ನ ತೀರ್ಮಾನ ನೇರ. ನಾಲ್ಕು ಪ್ರಶ್ನೆ. ಹಗಲು ಮನೆಯಲ್ಲಿ ಯಾರಾದರೂ ಇರ್ತಾರಾ? ಗೋಡೆಯಾಚೆಯವರು ಒಪ್ಪಿದ್ದಾರಾ? ಕಾಗದ ನಿಮ್ಮ ಹೆಸರಿಗೆ ಆಗುತ್ತಾ? ಇಪ್ಪತ್ತೈದು ವರ್ಷದಲ್ಲಿ ನಿಮಗೇನಾದರೂ ಆದರೆ ಮುಂದೆ ನೋಡಿಕೊಳ್ಳೋರು ಯಾರು ಅಂತ ಗೊತ್ತಾ? ನಾಲ್ಕಕ್ಕೂ ಹೌದು ಅಂದರೆ ತನ್ನಿ, ರಾಜನ ಹಾಗೆ ಸಾಕಿ. ಒಂದಕ್ಕೆ ಇಲ್ಲ ಅಂದರೂ ಬೇಡ. ಮಗು ಎರಡು ದಿನ ಅಳುತ್ತೆ, ಮರೆಯುತ್ತೆ. ಗಿಳಿ ಹಾಗೆ ಮರೆಯಲ್ಲ.

ಬೇಡ ಅಂತ ಆದರೆ ಒಂದು ಸಂಜೆ ಮಗುವನ್ನು ಕರ್ಕೊಂಡು ಕಬ್ಬನ್ ಪಾರ್ಕಿಗೋ ನಿಮ್ಮೂರಿನ ಕೆರೆ ಏರಿಯ ಆಲದ ಮರದ ಹತ್ತಿರಕ್ಕೋ ಹೋಗಿ. ಕತ್ತಲಾಗೋ ಮುಂಚೆ ನಮ್ಮ ಹಸಿರು ಗಿಳಿಗಳು ಕೀರಲು ಧ್ವನಿಯಲ್ಲಿ ಕೂಗುತ್ತಾ ಹಿಂಡು ಹಿಂಡಾಗಿ ಮರಕ್ಕೆ ಮರಳುತ್ತವೆ. ಎಷ್ಟಿವೆ ಅಂತ ಎಣಿಸೋಕೆ ಹೇಳಿ. ಆಮೇಲೆ ಒಂಟಿಯಾಗಿ ಬಂದದ್ದು ಎಷ್ಟು ಅಂತ ಕೇಳಿ. ಲೆಕ್ಕ ಮಗುವಿಗೇ ಸಿಗುತ್ತೆ.